ಅರ್ಜಿಯ ಮೇಲಿನ ವಿಳಾಸ

ಅರ್ಜಿ ಬರೆಯೋದಕ್ಕೆ ಒಂದು ಕ್ರಮ ಇದೆ. ಮೊದಲು 'ಇಂದ', ಆಮೇಲೆ 'ಗೆ'. 'ಇಂದ' ಅನ್ನೋದರ ಕೆಳಗೆ ನಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ಕೆಲಸ, ಮನೆ ನಂಬರು, ರಸ್ತೆ, ಪಿನ್‌ಕೋಡು, ಮೊಬೈಲ್ ನಂಬರು. ಸ್ಕೂಲಿನಲ್ಲಿ ರಜಾ ಅರ್ಜಿ ಬರೆದಾಗಿನಿಂದ ಕೈಗೆ ಬಂದ ಅಭ್ಯಾಸ. ಯೋಚನೆ ಮಾಡದೆ ಬರೆದುಬಿಡುತ್ತೇವೆ. ಆದರೆ ಪೊಲೀಸರ ಮೇಲೆಯೇ ದೂರು ಕೊಡಲು ಕೂತಾಗ ಈ ನಾಲ್ಕು ಸಾಲು ಬರೆಯುವಾಗ ಪೆನ್ನು ನಿಧಾನ ಆಗುತ್ತೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪೆನ್ನು ಹಿಡಿದಿದ್ದವನು ನನ್ನ ಚಿಕ್ಕಪ್ಪನ ಮಗ. ಒಂದು ರಾತ್ರಿ ಗಾಡಿ ತಪಾಸಣೆಯಲ್ಲಿ ಅವನನ್ನು ನಿಲ್ಲಿಸಿದ್ದರು. ಲೈಸೆನ್ಸು, ಇನ್ಶೂರೆನ್ಸು ಎಲ್ಲಾ ಸರಿ ಇತ್ತು. ಆದರೂ ಕೀ ವಾಪಸ್ ಕೊಡಲಿಲ್ಲ. ಇವನು "ಯಾಕೆ ಸರ್?" ಅಂದ. ಅಷ್ಟೇ. "ಲೇ, ನನಗೇ ಪ್ರಶ್ನೆ ಕೇಳ್ತೀಯೇನೋ?" ಅನ್ನೋದರ ಜೊತೆಗೇ ಕಪಾಳಕ್ಕೆ ಬಿತ್ತು. ಒಂದೇ ಏಟು. ಮರುದಿನವೂ ಎಡಗಿವಿಯಲ್ಲಿ ಗುಂಯ್ ಅನ್ನೋ ಸದ್ದು ನಿಲ್ಲದಿದ್ದಾಗ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಿವಿಯ ತಮಟೆ ಹರಿದಿತ್ತು.

ಹೊಡೆತದ ಗಾಯ ಅಂದರೆ ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸು ಅಂತ ದಾಖಲೆ ಮಾಡಬೇಕು. ಡ್ಯೂಟಿ ಡಾಕ್ಟರು ಪುಸ್ತಕ ತೆಗೆದು "ಯಾರು ಹೊಡೆದಿದ್ದು?" ಅಂತ ಕೇಳಿದರು. "ಪೊಲೀಸ್" ಅಂದ. ಅವರು ತಲೆ ಎತ್ತಿ ಇಬ್ಬರನ್ನೂ ನೋಡಿದರು. "ಗಾಡಿಯಿಂದ ಬಿದ್ದೆ ಅಂತ ಬರೀಲಾ?" ಅಂದರು. ಬೆದರಿಕೆ ಹಾಕುವ ಧ್ವನಿ ಅದಾಗಿರಲಿಲ್ಲ, ನಿಜವಾಗಿಯೂ ನಮಗೆ ಒಳ್ಳೆಯದಾಗಲಿ ಅಂತಲೇ ಕೇಳಿದ್ದರು. ಇವನು "ಬೇಡ ಡಾಕ್ಟ್ರೇ, ಇದ್ದದ್ದನ್ನೇ ಬರೀರಿ" ಅಂದ. ಬರೆದರು. ಆ ಎಂಎಲ್‌ಸಿಯ ಮಾಹಿತಿ ಎಲ್ಲಿಗೆ ಹೋಗುತ್ತೆ ಗೊತ್ತಾ? ಆ ಜಾಗ ಯಾವ ಸರಹದ್ದಿಗೆ ಬರುತ್ತೋ ಆ ಠಾಣೆಗೆ. ಅಂದರೆ, ಅದೇ ಠಾಣೆಗೆ.

ನಾವು ಅಷ್ಟು ದಡ್ಡರೇನಲ್ಲ. ಠಾಣೆಗೆ ಹೋಗದೆ ಮೇಲಧಿಕಾರಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ನಕಲಿನ ಮೇಲೆ ಸೀಲು ಹಾಕಿಸಿಕೊಂಡೆವು. ಹೊರಗೆ ಬಂದಾಗ ಒಂಥರಾ ಗೆದ್ದ ಹಾಗೇ ಅನಿಸಿತ್ತು. ಹನ್ನೊಂದು ದಿನ ಆದಮೇಲೆ ಫೋನ್ ಬಂತು. "ನಿಮ್ಮ ಅರ್ಜಿ ವಿಚಾರಣೆಗೆ ನಮಗೆ ಬಂದಿದೆ. ನಾಳೆ ಹತ್ತು ಗಂಟೆಗೆ ಬನ್ನಿ ಸರ್." ಫೋನ್ ಮಾಡಿದ್ದು ಯಾವ ಠಾಣೆಯಿಂದ ಅಂತ ಬಿಡಿಸಿ ಹೇಳಬೇಕಾ?

ಕನ್ನಡದಲ್ಲಿ ಏಕವಚನಕ್ಕೆ ಒಂದು ತೂಕ ಇದೆ. "ಏಕವಚನದಲ್ಲಿ ಮಾತಾಡಿದ್ರು" ಅನ್ನೋದೇ ಒಂದು ದೂರು, ಹೊಡೆದದ್ದಕ್ಕಿಂತ ಅದನ್ನೇ ಜಾಸ್ತಿ ನೆನಪಿಟ್ಟುಕೊಳ್ಳುವವರಿದ್ದಾರೆ. ರಸ್ತೆಯಲ್ಲಿ ಇವನು 'ಲೇ' ಆಗಿದ್ದ. ಈಗ 'ಸರ್' ಆಗಿದ್ದ, 'ಬನ್ನಿ, ಕೂತ್ಕೊಳ್ಳಿ' ಆಗಿದ್ದ. ಮರ್ಯಾದೆ ಕೊಟ್ಟಷ್ಟೂ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಆ ಬಹುವಚನದಷ್ಟು ಹೆದರಿಸಿದ ಮಾತನ್ನು ನಾನು ಇನ್ನೊಂದು ಕೇಳಿಲ್ಲ.

ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಮೇಜಿನ ಮೇಲೆ ಅವನ ಅರ್ಜಿ ಬಿಚ್ಚಿಟ್ಟಿತ್ತು. ಅವನದೇ ಕೈಬರಹ. ಹೊಡೆದವನು ಪಕ್ಕದ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ರೈಟರ್ ಅರ್ಜಿಯನ್ನು ಜೋರಾಗಿ, ನಿಧಾನವಾಗಿ ಓದಿದರು. ಮಧ್ಯೆ ಮಧ್ಯೆ ನಿಲ್ಲಿಸಿ ತಪ್ಪು ಹುಡುಕಿದರು. "ಇಲ್ಲಿ ದೀರ್ಘ ಬಿಟ್ಟಿದ್ದೀರಿ." "ಕಪಾಳ ಅಂತಿದೆ, ಎಡನಾ ಬಲನಾ?" "ರಾತ್ರಿ ಸುಮಾರು ಹತ್ತೂವರೆ ಅಂತೀರಿ. ಸುಮಾರು ಅಂದ್ರೆ ಎಷ್ಟು?" ಮೇಷ್ಟ್ರು ಕಾಪಿ ತಿದ್ದಿದ ಹಾಗೆ. ಕೊನೆಗೆ ಮೇಲಿನ ಸಾಲಿಗೆ ಬಂದರು. ವಿಳಾಸ ಓದಿದರು. "ಇದೇ ಅಲ್ವಾ ಮನೆ? ಸರಿ, ನಮ್ಮ ಹುಡುಗ್ರು ಬಂದು ನೋಡ್ಕೊಂಡು ಹೋಗ್ತಾರೆ, ಸ್ಥಳ ಪರಿಶೀಲನೆ" ಅಂದರು. ಏಟು ಬಿದ್ದದ್ದು ರಸ್ತೆಯಲ್ಲಿ. ಮನೆಯಲ್ಲಿ ಏನು ಪರಿಶೀಲಿಸುವುದು ಅಂತ ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಆಮೇಲೆ ಆದದ್ದು ಇಷ್ಟೇ. ನಾಲ್ಕು ರಾತ್ರಿ ಬೀಟ್ ಬೈಕು ಅವನ ಮನೆ ಮುಂದೆ ಬಂದು ನಿಂತಿತು. ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಐದು ನಿಮಿಷ ನಿಂತು ಹೋಗುತ್ತಿತ್ತು. ಯಾರೂ ಇಳಿಯಲಿಲ್ಲ, ಬಾಗಿಲು ತಟ್ಟಲಿಲ್ಲ. ಇದರ ಮೇಲೆ ಏನಂತ ದೂರು ಕೊಡ್ತೀರಿ? ಪೊಲೀಸರು ಗಸ್ತು ತಿರುಗುತ್ತಿದ್ದಾರೆ ಅಂತಾನಾ?

ಐದನೇ ದಿನ ಅವನು ಠಾಣೆಗೆ ಹೋಗಿ ಬರೆದುಕೊಟ್ಟ. ರೈಟರ್ ಹೇಳಿದರು, ಇವನು ಬರೆದ. 'ನನ್ನ ಅರ್ಜಿಯನ್ನು ಯಾರ ಒತ್ತಡವೂ ಇಲ್ಲದೆ ಸ್ವ ಇಚ್ಛೆಯಿಂದ ಹಿಂಪಡೆಯುತ್ತಿದ್ದೇನೆ. ಮುಂದಿನ ಕ್ರಮ ಬೇಡ.' ಕೆಳಗೆ ಸಾಕ್ಷಿ ಅಂತ ಒಂದು ಸಹಿ ಬೇಕಾಗಿತ್ತು. ಆ ಸಹಿ ನನ್ನದು. ಹೆಸರು ಮಾತ್ರ ಬರೆದೆ. ವಿಳಾಸ ಕೇಳಿದರು. "ಇವನದ್ದೇ ಹಾಕ್ಕೊಳ್ಳಿ" ಅಂದೆ.

ಇದು ದೊಡ್ಡ ಘಟನೆ ಅಲ್ಲ, ನನಗೂ ಗೊತ್ತು. ಯಾರೂ ಸಾಯಲಿಲ್ಲ. ಪೇಪರಿನಲ್ಲಿ ಬರುವಂಥದ್ದೂ ಅಲ್ಲ. ಆದರೆ ಅಲ್ಲಿಂದ ಮುಂದೆ ಪೊಲೀಸ್ ದೌರ್ಜನ್ಯದ ಯಾವ ಸುದ್ದಿ ಓದಿದರೂ ನಾನು ಮೊದಲು ಹುಡುಕೋದು ಒಂದೇ. ದೂರು ಕೊಟ್ಟವರ ಹೆಸರು, ವಿಳಾಸ ಯಾರ ಕೈಗೆ ಹೋಯ್ತು? ಎಷ್ಟು ಹೊತ್ತಿಗೆ ಹೋಯ್ತು?

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅದಕ್ಕೆ ಒಂದು ದಿನ ಸಾಕಾಗಿತ್ತು. 1994ರ ಅಕ್ಟೋಬರ್. ಕಿಮ್ ಗ್ರೋವ್ಸ್ ಅನ್ನುವ ಮೂರು ಮಕ್ಕಳ ತಾಯಿ, ತನ್ನ ಬಡಾವಣೆಯಲ್ಲಿ ಪೊಲೀಸರು ಒಬ್ಬ ಹುಡುಗನಿಗೆ ಹೊಡೆದದ್ದನ್ನು ನೋಡಿದ್ದಳು. ಹೋಗಿ ದೂರು ಕೊಟ್ಟಳು. ಇಂಥ ದೂರು ಗುಟ್ಟಾಗಿ ಇರಬೇಕು ಅನ್ನೋದು ನಿಯಮ. ಅದು ಮರುದಿನವೇ ಲೆನ್ ಡೇವಿಸ್ ಅನ್ನುವ ಪೊಲೀಸನ ಕಿವಿಗೆ ಬಿತ್ತು. ಅವನು ಬಾಡಿಗೆ ಹಂತಕನೊಬ್ಬನಿಗೆ ಫೋನ್ ಮಾಡಿ ಅವಳ ಗುರುತು ಹೇಳಿದ. ಆ ರಾತ್ರಿಯೇ ಅವಳನ್ನು ಮನೆ ಹತ್ತಿರ ಗುಂಡಿಟ್ಟು ಕೊಂದರು. ಇದು ಹೊರಗೆ ಬಂದದ್ದು ಹೇಗೆ ಅಂದರೆ, ಮಾದಕ ವಸ್ತು ಸಾಗಣೆಗೆ ಪೊಲೀಸರೇ ಕಾವಲು ಕೊಡುತ್ತಿದ್ದ ಇನ್ನೊಂದು ಪ್ರಕರಣಕ್ಕಾಗಿ ಎಫ್‌ಬಿಐ ಅವನ ಫೋನ್ ಕದ್ದು ಕೇಳುತ್ತಿತ್ತು. ಕೊಲೆಯ ಮಾತೂ ಆ ಟೇಪಿನಲ್ಲಿ ದಾಖಲಾಗಿತ್ತು. 1996ರಲ್ಲಿ ಶಿಕ್ಷೆ ಆಯ್ತು. ಆ ಟೇಪು ಇಲ್ಲದಿದ್ದರೆ? ಅಪರಾಧ ಜಾಸ್ತಿ ಇರುವ ಬಡಾವಣೆಯಲ್ಲಿ ಇನ್ನೊಂದು ಕೊಲೆ ಅಂತ ಬರೆದು ಕಡತ ಮುಚ್ಚುತ್ತಿದ್ದರು ಅಂತಲೇ ನನ್ನ ಅನುಮಾನ.

ಕೆನ್ಯಾದ್ದು ಇನ್ನೊಂದು ಥರ. ಅಲ್ಲಿ ಪೊಲೀಸರ ಮೇಲಿನ ದೂರು ವಿಚಾರಿಸಲು ಪೊಲೀಸರಿಂದ ಬೇರೆಯಾದ, ಸ್ವತಂತ್ರ ಸಂಸ್ಥೆಯೇ ಇದೆ. 2015ರಲ್ಲಿ ಬಾಡಿಗೆ ಬೈಕು ಓಡಿಸುವ ಯುವಕನೊಬ್ಬನಿಗೆ ರಸ್ತೆ ತಪಾಸಣೆಯಲ್ಲಿ ಪೊಲೀಸನೊಬ್ಬ ಗುಂಡು ಹಾರಿಸಿದ. ಕೈಗೆ ತಾಗಿತು. ಅವನು ಆ ಸಂಸ್ಥೆಗೇ ದೂರು ಕೊಟ್ಟ. ಸರಿಯಾದ ದಾರಿಯನ್ನೇ ಹಿಡಿದಿದ್ದ. ಅದಾದ ಮೇಲೆ ಅವನ ಮೇಲೆ ಒಂದರ ಹಿಂದೆ ಒಂದು ಕೇಸು ಬಿದ್ದವು. ವಿಲ್ಲಿ ಕಿಮಾನಿ ಅನ್ನುವ ವಕೀಲ ಅವನ ಪರ ನಿಂತ. 2016ರ ಜೂನ್ 23ರಂದು ಕೋರ್ಟಿನ ಕೆಲಸ ಮುಗಿಸಿ ವಾಪಸ್ ಹೋಗುವಾಗ ಆ ಯುವಕ, ವಕೀಲ, ಅವರ ಟ್ಯಾಕ್ಸಿ ಓಡಿಸುತ್ತಿದ್ದ ಚಾಲಕ, ಮೂವರೂ ಕಾಣೆಯಾದರು. ಅವರನ್ನು ಒಂದು ಪೊಲೀಸ್ ಚೌಕಿಯಲ್ಲಿ ಕೂಡಿಹಾಕಿದ್ದರು. ಒಳಗಿದ್ದ ಕಿಮಾನಿ ಟಿಶ್ಯೂ ಕಾಗದದ ಚೂರಿನ ಮೇಲೆ 'ನನ್ನ ಹೆಂಡತಿಗೆ ಫೋನ್ ಮಾಡಿ, ನಾನು ಅಪಾಯದಲ್ಲಿದ್ದೇನೆ' ಅಂತ ಬರೆದು ಹೊರಗೆ ಎಸೆದ. ದಾರಿಹೋಕರೊಬ್ಬರಿಗೆ ಅದು ಸಿಕ್ಕಿತು. ಆದರೆ ಕೆಲವು ದಿನಗಳ ನಂತರ ಸಿಕ್ಕಿದ್ದು ನದಿಯಲ್ಲಿ ಮೂರು ಶವ. 2022ರಲ್ಲಿ ಮೂವರು ಪೊಲೀಸರು ಮತ್ತು ಅವರ ಮಾಹಿತಿದಾರ ಅಪರಾಧಿಗಳು ಅಂತ ತೀರ್ಪಾಯಿತು. ಮರುವರ್ಷ, ಗುಂಡು ಹಾರಿಸಿದ್ದ ಪೊಲೀಸನಿಗೆ ಮರಣದಂಡನೆ ಆಯ್ತು.

ನನಗೆ ಆ ಟ್ಯಾಕ್ಸಿ ಚಾಲಕ ತುಂಬಾ ಕಾಡುತ್ತಾನೆ. ಅವನು ಯಾರ ಮೇಲೂ ದೂರು ಕೊಟ್ಟಿರಲಿಲ್ಲ. ಬಾಡಿಗೆಗೆ ಬಂದಿದ್ದ, ಅಷ್ಟೇ. ದೂರು ಕೊಟ್ಟವನ ಜೊತೆಗೆ ಹೋಗುವವನಿಗೂ ಭಯ ಹುಟ್ಟಬೇಕು ಅಂತ ಯಾರೂ ಲೆಕ್ಕ ಹಾಕಿರಲಿಕ್ಕಿಲ್ಲ. ಆದರೆ ಹುಟ್ಟುತ್ತೆ. ಸಾಕ್ಷಿ ಹೇಳೋರು ಸಿಗೋದು ಕಷ್ಟ ಆಗೋದು ಹೀಗೆಯೇ.

ಇಷ್ಟು ದೂರ ಎಲ್ಲ ಕಡೆಯೂ ಹೋಗುತ್ತೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ಕೊಲ್ಲುವ ಅಗತ್ಯವೇ ಬೀಳೋದಿಲ್ಲ. ಕೇಸು ಹಾಕಿದರೆ ಸಾಕು. ನಮ್ಮಲ್ಲಿ ಅದಕ್ಕೆ ಹೇಳಿ ಮಾಡಿಸಿದ ಮಾತು ಒಂದಿದೆ, 'ಕರ್ತವ್ಯಕ್ಕೆ ಅಡ್ಡಿ'. ಮೊದಲು ಐಪಿಸಿ 353 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 132. ಸರ್ಕಾರಿ ನೌಕರನ ಕೆಲಸ ತಡೆಯಲು ಹಲ್ಲೆ ಮಾಡಿದವರಿಗೆ ಎರಡು ವರ್ಷದವರೆಗೆ ಶಿಕ್ಷೆ. ಜಾಮೀನು ರಹಿತ. ಇದು ಬೇಕಾದ ಕಾನೂನೇ, ಡ್ಯೂಟಿಯಲ್ಲಿರುವ ನರ್ಸಿಗೋ ಬಸ್ ಕಂಡಕ್ಟರಿಗೋ ಹೊಡೆದವನನ್ನು ಬಿಡಬಾರದು. ಆದರೆ ಪೊಲೀಸಿನವನೇ ಹೊಡೆದು, ತನಗೇ ಹೊಡೆದರು ಅಂತ ಅವನೇ ದೂರು ಬರೆದರೆ? ಬರೆಯುವವರೂ ಅವರೇ, ದಾಖಲಿಸುವವರೂ ಅವರೇ, ತನಿಖೆ ಮಾಡುವವರೂ ಅವರ ಸಹೋದ್ಯೋಗಿಗಳೇ. ನಿಮ್ಮ ಅರ್ಜಿ 'ವಿಚಾರಣೆ'ಯಲ್ಲಿರುತ್ತೆ. ಅವರದು ಅರ್ಧ ಗಂಟೆಯಲ್ಲಿ ಎಫ್‌ಐಆರ್ ಆಗಿರುತ್ತೆ. ಆಮೇಲೆ ಯಾರಾದರೂ ದೊಡ್ಡವರು ಬಂದು "ಎರಡೂ ಕಡೆ ರಾಜಿ ಮಾಡ್ಕೊಳ್ಳಿ" ಅಂತಾರೆ. ಎರಡು ಕಡೆ ಇರಲೇ ಇಲ್ಲವಲ್ಲ, ಎರಡನೇದನ್ನು ಹುಟ್ಟಿಸಿದ್ದೇ ರಾಜಿಗೋಸ್ಕರ ಅಲ್ವಾ.

ಕಾಗದದ ಮೇಲೆ ನೋಡಿದರೆ ನಮಗೆ ಯಾವುದಕ್ಕೂ ಕೊರತೆ ಇಲ್ಲ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದರು. ಕೋರ್ಟು ಅದನ್ನೇ ರಿಟ್ ಅರ್ಜಿ ಅಂತ ತೆಗೆದುಕೊಂಡಿತು. ಹತ್ತು ವರ್ಷದ ಮೇಲೆ ತೀರ್ಪು ಬಂತು. ಬಂಧಿಸುವ ಪೊಲೀಸ್ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಬಂಧನದ ಮೆಮೊ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಹೀಗೆ ಹನ್ನೊಂದು ಸೂಚನೆ. 2006ರ ಪ್ರಕಾಶ್ ಸಿಂಗ್ ತೀರ್ಪು ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಲಿ ಅಂದಿತು. ಆ ಅರ್ಜಿ ಹಾಕಿದ್ದ ಪ್ರಕಾಶ್ ಸಿಂಗ್ ಅವರೇ ನಿವೃತ್ತ ಪೊಲೀಸ್ ಮಹಾನಿರ್ದೇಶಕರು ಅನ್ನೋದನ್ನು ಮರೆಯಬಾರದು. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ಮಾಡಲೇಬೇಕು ಅಂತ 2013ರಲ್ಲಿ ಲಲಿತಾ ಕುಮಾರಿ ತೀರ್ಪು. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಧ್ವನಿಯೂ ದಾಖಲಾಗಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಇನ್ನೊಂದು.

ಅದೇ 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಏನಾಯಿತು ಅಂತ ನೆನಪಿದೆಯಾ? ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಅನ್ನುವ ಆರೋಪದ ಮೇಲೆ ತಂದೆ ಮಗ ಇಬ್ಬರನ್ನು ಒಯ್ದರು. ಇಬ್ಬರೂ ಸತ್ತರು. ಆ ಸಾವು ದೇಶಕ್ಕೆಲ್ಲ ಗೊತ್ತು. ನಾನು ಹೇಳಬೇಕೆಂದಿರುವುದು ಅದರ ನಂತರದ್ದು. ಹೈಕೋರ್ಟಿನ ಆದೇಶದ ಮೇಲೆ ಒಬ್ಬ ಮ್ಯಾಜಿಸ್ಟ್ರೇಟ್ ತನಿಖೆಗೆ ಠಾಣೆಗೆ ಹೋದರು. ಹೈಕೋರ್ಟಿಗೆ ಅವರು ಕೊಟ್ಟ ವರದಿ ಓದಿದರೆ ಮೈ ಜುಮ್ ಅನ್ನುತ್ತೆ. ಪೊಲೀಸರು ಸಹಕರಿಸಲಿಲ್ಲ. ಒಬ್ಬ ಪೇದೆ ಅವರ ಮುಂದೆಯೇ ಕೀಳು ಮಾತಾಡಿದ, ನಿನ್ನಿಂದ ಏನೂ ಕಿತ್ತುಕೊಳ್ಳೋಕಾಗಲ್ಲ ಅನ್ನುವ ಅರ್ಥದಲ್ಲಿ. ಏಕವಚನ, ಮ್ಯಾಜಿಸ್ಟ್ರೇಟರಿಗೂ. ಸಿಸಿಟಿವಿ ಇತ್ತು, ಹಾರ್ಡ್ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವೂ ಇತ್ತು. ಆದರೆ ದಿನದಿನದ ದೃಶ್ಯ ತಾನಾಗಿಯೇ ಅಳಿಸಿಹೋಗುವ ಹಾಗೆ ಸೆಟ್ ಮಾಡಿಟ್ಟಿದ್ದರು. ಆ ರಾತ್ರಿ ಡ್ಯೂಟಿಯಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಕಂಡದ್ದನ್ನು ಹೇಳಿದರು. ಹೇಳಿಕೆಗೆ ಸಹಿ ಹಾಕಲು ಮಾತ್ರ ತುಂಬಾ ಹೆದರಿದರು. ಹೊರಗೆ ಸಹೋದ್ಯೋಗಿಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೂ ಅವರು ಸಹಿ ಹಾಕಿದರು. ಠಾಣೆಯನ್ನು ಕೆಲವು ದಿನ ಕಂದಾಯ ಇಲಾಖೆಯ ಸುಪರ್ದಿಗೆ ಕೊಡಬೇಕಾಯಿತು ಅಂದರೆ ನೋಡಿ.

ಆ ಹೆಂಗಸಿನ ಸಹಿಯ ಬಗ್ಗೆ ಓದಿದಾಗ ನನಗೆ ನನ್ನ ಸಹಿ ನೆನಪಾಯಿತು. ಅವರದು ಖಾಕಿ ಹಾಕಿಕೊಂಡು, ಖಾಕಿಯವರ ನಡುವೆ ಕೂತು ಹಾಕಿದ್ದು.

ಒಳಗಿನವರಿಗೂ ದೂರು ಕೊಡೋದು ಸುಲಭ ಇಲ್ಲ ಅನ್ನೋದನ್ನು ಪೊಲೀಸರನ್ನು ಬೈಯುವಾಗ ಮರೆತುಬಿಡುತ್ತೇವೆ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅಂತ ಸುದ್ದಿಯಾಗಿತ್ತು. ಕೇಳಿದ್ದು ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳ ನಿಲ್ಲಲಿ ಅನ್ನುವಂಥದ್ದು. ಅದನ್ನು ಸಂಘಟಿಸಿದವರನ್ನು ಬಂಧಿಸಿ ದೇಶದ್ರೋಹದ ಕೇಸು ಹಾಕಿದರು. ರಜೆ ಕೇಳಿದ್ದಕ್ಕೆ ದೇಶದ್ರೋಹ! ಅಮೆರಿಕದ ಏಡ್ರಿಯನ್ ಸ್ಕೂಲ್‌ಕ್ರಾಫ್ಟ್ ಕಥೆಯೂ ಹಾಗೇ. ನ್ಯೂಯಾರ್ಕ್ ಪೊಲೀಸ್ ಆಗಿದ್ದ ಅವನು, ತನ್ನ ಠಾಣೆಯಲ್ಲಿ ಜನರ ದೂರುಗಳನ್ನು ಸಣ್ಣದು ಮಾಡಿ ಬರೆಯುತ್ತಾರೆ, ಇಷ್ಟು ಜನರನ್ನು ಹಿಡಿಯಲೇಬೇಕು ಅಂತ ಲೆಕ್ಕ ಕೊಡುತ್ತಾರೆ ಅಂತ ಹೇಳಿದ. ಗುಟ್ಟಾಗಿ ರೆಕಾರ್ಡ್ ಮಾಡಿಯೂ ಇಟ್ಟಿದ್ದ. 2009ರ ಅಕ್ಟೋಬರ್ 31ರ ರಾತ್ರಿ ಅವನ ಮೇಲಧಿಕಾರಿಗಳೇ ಮನೆಗೆ ನುಗ್ಗಿ, ತಲೆ ಸರಿ ಇಲ್ಲ ಅಂತ ಆಸ್ಪತ್ರೆಯ ಮಾನಸಿಕ ವಾರ್ಡಿಗೆ ಸೇರಿಸಿದರು. ಆರು ದಿನ ಅಲ್ಲಿದ್ದ. ಮನೆಯಲ್ಲಿದ್ದ ಒಂದು ರೆಕಾರ್ಡರ್ ಕಂಡು ಕಿತ್ತುಕೊಂಡರು, ಇನ್ನೊಂದು ಓಡುತ್ತಲೇ ಇತ್ತು, ಅದು ಅವರಿಗೆ ಕಾಣಲಿಲ್ಲ. ಮೇಲಿನವರಿಗೆ "ಯಾಕೆ ಸರ್?" ಅನ್ನಲಾಗದವನು, ರಸ್ತೆಯಲ್ಲಿ ಯಾರೋ "ಯಾಕೆ ಸರ್?" ಅಂದಾಗ ಕೈ ಎತ್ತುತ್ತಾನಾ? ಹೊಡೆದವನಿಗೆ ನೆಪ ಹುಡುಕಿ ಕೊಡುತ್ತಿಲ್ಲ. ನನ್ನ ತಮ್ಮನ ಕಿವಿ ಇನ್ನೂ ಸರಿಯಾಗಿಲ್ಲ, ಫೋನನ್ನು ಬಲಗಿವಿಗೇ ಹಿಡಿಯುತ್ತಾನೆ. ಆದರೂ ಆ ಪ್ರಶ್ನೆ ಬರುತ್ತೆ.

ಹೊಸ ಕಾನೂನು ಬಂದಾಗ ಅವನಿಗೇ ಕುತೂಹಲ. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಇಮೇಲ್‌ನಲ್ಲೂ ಕಳಿಸಬಹುದು, ಮೂರು ದಿನದೊಳಗೆ ಸಹಿ ಹಾಕಿದರೆ ಆಯ್ತು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. "ಚೆನ್ನಾಗಿದೆ ಅಲ್ವಾ ಅಣ್ಣ?" ಅಂದ. ಚೆನ್ನಾಗಿಯೇ ಇದೆ. ಆಮೇಲೆ ನಾನು 175ನೇ ಕಲಮಿನ ನಾಲ್ಕನೇ ಉಪಕಲಮು ಓದಿ ಹೇಳಿದೆ. ಸರ್ಕಾರಿ ನೌಕರ ತನ್ನ ಕರ್ತವ್ಯದ ವೇಳೆ ಮಾಡಿದ್ದರ ಮೇಲೆ ದೂರು ಬಂದರೆ, ಮ್ಯಾಜಿಸ್ಟ್ರೇಟ್ ತನಿಖೆಗೆ ಆದೇಶ ಕೊಡುವ ಮುಂಚೆ ಆ ನೌಕರನ ಮೇಲಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು, ಆ ನೌಕರ ಏನು ಹೇಳುತ್ತಾನೆ ಅನ್ನೋದನ್ನೂ ನೋಡಬೇಕು. ಸುಳ್ಳು ದೂರಿನಿಂದ ನೌಕರರನ್ನು ಕಾಪಾಡೋದಕ್ಕೆ ಅಂತ ಇದಕ್ಕೆ ಸಮರ್ಥನೆ ಕೊಡಬಹುದು. ಆ ಭಯವೂ ಸುಳ್ಳಲ್ಲ. ಅವನು ಸ್ವಲ್ಪ ಹೊತ್ತು ಸುಮ್ನಿದ್ದ. "ಅಂದ್ರೆ ಮತ್ತೆ ಅದೇ ಮೇಜಿಗೇ ಹೋಗುತ್ತೆ ಅನ್ನು" ಅಂದ.

ಹಾಗಾದರೆ ದೂರು ಕೊಡಲೇಬಾರದಾ ಅಂತ ಕೇಳುವವರಿಗೆ ನಾನು ಹೇಳೋದು ಸಣ್ಣಸಣ್ಣ ವಿಷಯ. ಒಬ್ಬರೇ ಹೋಗಬೇಡಿ. ಗಾಯ ಇದ್ದರೆ ಮೊದಲು ಆಸ್ಪತ್ರೆ, ಡಾಕ್ಟರು ಏನು ಬರೆದರು ಅಂತ ಓದಿ ನೋಡಿ. ಅರ್ಜಿಯ ನಕಲು ಒಂದೇ ಕಡೆ ಇಡಬೇಡಿ, ಒಂದೇ ಕಚೇರಿಗೂ ಕೊಡಬೇಡಿ. ಎಸ್‌ಪಿ, ದೂರು ಪ್ರಾಧಿಕಾರ, ಮಾನವ ಹಕ್ಕು ಆಯೋಗ ಎಲ್ಲಾ ಕಡೆ ಅಂಚೆಯಲ್ಲಿ ಹೋಗಲಿ. ಅರ್ಜಿ ಬರೆಯೋಕೆ ಮುಂಚೆ ತಾರೀಕು, ಗಂಟೆ, ಎದೆಪಟ್ಟಿಯ ಹೆಸರು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಕರೆದರೆ ಲಿಖಿತವಾಗಿ ನೋಟಿಸ್ ಕೊಡಿ ಅಂತ ಕೇಳಿ. ಇಷ್ಟು ಮಾಡಿದರೆ ಭಯ ಹೋಗುತ್ತಾ ಅಂದರೆ, ಹೋಗಲ್ಲ. ನಮ್ಮ ಕಾಗದ ಅದೇ ಮೇಜಿಗೆ ಬಂದಾಗ, ಇದರ ನಕಲು ಇನ್ನೂ ನಾಲ್ಕು ಕಡೆ ಇದೆ ಅಂತ ಆ ಮೇಜಿನವರಿಗೆ ಗೊತ್ತಿರುತ್ತೆ. ಅಷ್ಟೇ ವ್ಯತ್ಯಾಸ.

ಹೋದ ವರ್ಷ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದಳು. ತಮ್ಮನ ಗಾಡಿ ಬಿಡಿಸಿಕೊಳ್ಳಲು ಠಾಣೆಗೆ ಹೋದವಳನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದು, ಫೋನು ಕಿತ್ತುಕೊಂಡು, ಮೂರು ಗಂಟೆ ನಿಲ್ಲಿಸಿದ್ದರಂತೆ. ಅರ್ಜಿ ಬರೆಯಲು ನನ್ನ ಸಹಾಯ ಬೇಕಿತ್ತು. ಊಟದ ವೇಳೆಯಲ್ಲಿ ಕೂತು ಬರೆದೆವು. ನಡೆದದ್ದನ್ನೆಲ್ಲ ಅವಳು ಸರಸರ ಬರೆದಳು. 'ಇಂದ' ಅನ್ನೋದರ ಕೆಳಗಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದಳು.

"ವಿಳಾಸ ಬರೀಲೇಬೇಕಾ ಸರ್?"

"ಬರೀಬೇಕು."

ಬರೆದಳು. ಮನೆ ನಂಬರಿನಿಂದ ಪಿನ್‌ಕೋಡಿನವರೆಗೆ. ನಾನು ಹಾಳೆ ನನ್ನ ಕಡೆ ತಿರುಗಿಸಿಕೊಂಡು, ಕೊನೆಯಲ್ಲಿ 'ಅರ್ಜಿದಾರರ ಜೊತೆಗಿದ್ದವರು' ಅಂತ ಬರೆದು ನನ್ನ ಹೆಸರು ಹಾಕಿದೆ. ಅದರ ಕೆಳಗೆ ನನ್ನ ವಿಳಾಸ. ಅವಳು "ನಿಮ್ಮದ್ಯಾಕೆ ಸರ್?" ಅಂದಳು. ನನ್ನ ಪಿನ್‌ಕೋಡಿನಲ್ಲಿ ಒಂದು ಅಂಕಿ ತಪ್ಪಾಗಿತ್ತು. ಅದನ್ನು ಹೊಡೆದು, ಪಕ್ಕದಲ್ಲಿ ಸರಿಯಾಗಿ ಬರೆದೆ.